ಜೇನು, ದಾಲ್ಚಿನ್ನಿ, ಮೇಪಲ್: ಯಾವ ರುಚಿಯ ವಿಸ್ಕಿ?

ಅಮೆರಿಕದ ನಿಯಮದಂತೆ ಬರ್ಬನ್‌ಗೆ (ಮುಖ್ಯವಾಗಿ ಮೆಕ್ಕೆಜೋಳದಿಂದ ತಯಾರಿಸುವ ಅಮೆರಿಕದ ವಿಸ್ಕಿ) ಹೊರಗಿನ ರುಚಿಯನ್ನಾಗಲಿ ಬಣ್ಣವನ್ನಾಗಲಿ ಬೆರೆಸುವಂತಿಲ್ಲ, ಬಾಟಲಿಯಲ್ಲಿ ಅದರ ಆಲ್ಕೋಹಾಲ್ ಶೇ. 40ಕ್ಕಿಂತ ಕಡಿಮೆ ಇರುವಂತಿಲ್ಲ. ಆದ್ದರಿಂದ ರುಚಿ ಬೆರೆಸಿದ ಬಾಟಲಿಗಳನ್ನು ಬೇರೆಯೇ ವರ್ಗವೆಂದು ತಿಳಿದು ಆರಿಸುವುದು ಒಳ್ಳೆಯದು.

ಜೇನಿನ ರುಚಿ ಬೇಕೆನ್ನುವವರ ಮುಂದೆ ಮುಖ್ಯವಾಗಿ ಎರಡು ಆಯ್ಕೆಗಳಿವೆ. ಜಾಕ್ ಡೇನಿಯಲ್ಸ್ ಟೆನೆಸಿ ಹನಿ ಶೇ. 35ರಷ್ಟು ಆಲ್ಕೋಹಾಲ್ ಹೊಂದಿದ್ದು, ಹಗುರವಾಗಿ, ಮಂಜುಗಡ್ಡೆಯೊಡನೆ ಸುಲಭವಾಗಿ ಒಗ್ಗುತ್ತದೆ. ಬರ್ಬನ್ ಆಧಾರಿತ ವೈಲ್ಡ್ ಟರ್ಕಿ ಅಮೆರಿಕನ್ ಹನಿ ಶೇ. 35.5ರದ್ದಾಗಿದ್ದು, ಸಕ್ಕರೆ ಪಾಕದಂತೆ ಮಂದವಾಗಿರುವುದರಿಂದ ಊಟದ ನಂತರ ಸ್ವಲ್ಪವೇ ಸವಿಯಲು ಹೆಚ್ಚು ಸೂಕ್ತ.

ಫೈರ್‌ಬಾಲ್ ಶೇ. 33ರದ್ದು, ಅದರ ದಾಲ್ಚಿನ್ನಿಯ ಖಾರವು ಅದಕ್ಕೆ ಆಧಾರವಾದ ಕೆನಡಾದ ವಿಸ್ಕಿಯನ್ನು ಬಹುತೇಕ ಮರೆಮಾಡುತ್ತದೆ. ಇದೇ ಹೆಸರಿನಲ್ಲಿ ವಿಸ್ಕಿಯೇ ಇಲ್ಲದ, ಮಾಲ್ಟ್ (ಮೊಳಕೆ ಬರಿಸಿದ ಧಾನ್ಯ) ಆಧಾರಿತ ಬಾಟಲಿಯೂ ಅಮೆರಿಕದಲ್ಲಿ ಮಾರಾಟವಾಗುವುದರಿಂದ ಲೇಬಲ್‌ನಲ್ಲಿ ಹೆಸರಿನೊಡನೆ ‘ಸಿನಮನ್ ವಿಸ್ಕಿ’ ಎಂದಿದೆಯೇ ಎಂದು ನೋಡಲೇಬೇಕು.

ಇವೆಲ್ಲಕ್ಕಿಂತ ನನಗೆ ಮೆಚ್ಚುಗೆಯಾಗುವುದು ನಾಬ್ ಕ್ರೀಕ್ ಸ್ಮೋಕ್ಡ್ ಮೇಪಲ್. ಶೇ. 45ರಷ್ಟು ಬಲವಿರುವ ಕಾರಣ ಮೇಪಲ್ ಮರದ ರಸದಂಥ ಸಿಹಿಯ ಕೆಳಗೂ ಓಕ್ ಪೀಪಾಯಿಯ ಗುಣ ಮತ್ತು ವೆನಿಲಾ ಪರಿಮಳ ಉಳಿದಿರುತ್ತವೆ. ಬರ್ಬನ್ ಪ್ರಿಯರು ಮೊದಲು ಇದನ್ನೇ ಸವಿಯಲಿ, ಆದರೆ ಸಿಹಿಯು ಬಲವನ್ನು ಮುಚ್ಚಿಡುವುದರಿಂದ ಪ್ರಮಾಣವನ್ನು ಅಳೆದೇ ಸುರಿದುಕೊಳ್ಳಲಿ.