ಲೂಪನ್ನು ಹಾಡಿನ ಲಯಕ್ಕೆ ತರಲು ನಾನು ಹಿಡಿದ ನಾಲ್ಕು ದಾರಿಗಳು

ನನ್ನ ಹತ್ತಿರ ಮೂರು ರೆಕಾರ್ಡಿಂಗ್ ಇದ್ದವು. ನಾಲ್ಕು ಬಾರ್‌ಗಳ (ಇಲ್ಲಿ ಒಂದು ಬಾರ್ ಅಂದರೆ ನಾಲ್ಕು ಬೀಟ್) ಒಂದು ಜೆಂಬೆ ಲೂಪ್ (ಕೈಯಿಂದ ಬಾರಿಸುವ ಆಫ್ರಿಕನ್ ತಾಳವಾದ್ಯದ, ಮತ್ತೆ ಮತ್ತೆ ಸುತ್ತಿ ನುಡಿಸುವ ತುಣುಕು), ತಂತಿಗಳನ್ನು ಒಂದೊಂದಾಗಿ ಮೀಟಿದ ಒಂದು ಗಿಟಾರ್ ಲೂಪ್, ಹಿನ್ನೆಲೆಗೆಂದು ನಾನೇ ಗುನುಗಿದ ಒಂದು ಸಾಲು. ಹಾಡಿನ ಟೆಂಪೊ 100 ಬಿಪಿಎಂ, ಅಂದರೆ ನಿಮಿಷಕ್ಕೆ 100 ಬೀಟ್. ಗಿಟಾರ್ ನುಡಿಸಿದ್ದು 108ರ ಕ್ಲಿಕ್ಕಿಗೆ, ಅಂದರೆ ಬೀಟ್ ಎಣಿಸುವ ಟಿಕ್‌ಟಿಕ್ ಸದ್ದಿಗೆ. ಜೆಂಬೆಯನ್ನು ಕ್ಲಿಕ್ ಇಲ್ಲದೆ, ಕೈಗೆ ಬಂದ ವೇಗದಲ್ಲಿ ಬಾರಿಸಿದ್ದೆ. ಗುನುಗಿದ್ದು ಆ ಜೆಂಬೆಯನ್ನೇ ಕೇಳಿಕೊಂಡು. ಮೂರನ್ನೂ ಒಂದೇ ಲಯಕ್ಕೆ ತರಲು ನಾಲ್ಕು ವಿಧಾನಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಿದೆ: ವೇಗ ಬದಲಿಸುವುದು, ತುಂಡರಿಸಿ ಜೋಡಿಸುವುದು, ಶ್ರುತಿ ಕೆಡದಂತೆ ಹಿಗ್ಗಿಸುವುದು ಅಥವಾ ಕುಗ್ಗಿಸುವುದು, ಹಾಡನ್ನೇ ಲೂಪಿನ ಹತ್ತಿರಕ್ಕೆ ಒಯ್ಯುವುದು.

ಹೋಲಿಕೆಗೆ ಇಳಿಯುವ ಮೊದಲು ಅಳತೆಯ ವಿಷಯ ಹೇಳಲೇಬೇಕು. ನನ್ನ ಮೊದಲ ಎರಡು ಸಂಜೆ ಹಾಳಾದದ್ದು ಅಲ್ಲೇ. ಲೂಪಿನ ನಿಜವಾದ ಟೆಂಪೊ ತಿಳಿಯಲು ಅದರಲ್ಲಿರುವ ಬೀಟ್‌ಗಳನ್ನು 60ರಿಂದ ಗುಣಿಸಿ, ಉದ್ದದ ಸೆಕೆಂಡುಗಳಿಂದ ಭಾಗಿಸಿದರೆ ಸಾಕು. ನನ್ನ ಜೆಂಬೆ ಲೂಪಿನಲ್ಲಿ 16 ಬೀಟ್, ಉದ್ದ 10.41 ಸೆಕೆಂಡ್, ಅಂದರೆ 92.22 ಬಿಪಿಎಂ. ಅಷ್ಟು ಚೂರಿಗೇನು ಎಂದುಕೊಂಡು ಸಾಫ್ಟ್‌ವೇರಿಗೆ 92 ಎಂದೇ ಬರೆದುಕೊಟ್ಟೆ. 100 ಬಿಪಿಎಂನಲ್ಲಿ ನಾಲ್ಕು ಬಾರ್ 9.6 ಸೆಕೆಂಡ್ ಇರಬೇಕು, ನನಗೆ ಸಿಕ್ಕಿದ್ದು 9.577. ಒಂದು ಸುತ್ತಿನಲ್ಲಿ 23 ಮಿಲಿಸೆಕೆಂಡ್ ಕೊರತೆ ಕಿವಿಗೆ ಬೀಳಲಿಲ್ಲ. ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸುತ್ತ ಹೋದಾಗ ನಾಲ್ಕನೇ ಸುತ್ತಿನ ಕೊನೆಗೆ ಕೊರತೆ 90 ಮಿಲಿಸೆಕೆಂಡ್ ದಾಟಿತ್ತು. ಈ ಟೆಂಪೊದಲ್ಲಿ ಬೀಟಿನ ಕಾಲು ಭಾಗವೇ 150 ಮಿಲಿಸೆಕೆಂಡ್, ಹಾಗಾಗಿ ಜೆಂಬೆ ಹಾಡಿಗಿಂತ ಮುಂದೆ ಓಡುತ್ತಿರುವುದು ಯಾರಿಗಾದರೂ ಕೇಳಿಸುತ್ತದೆ. ನಾನು ಮಾತ್ರ ಉದ್ದ ಬದಲಿಸುವ ವಿಧಾನದ ಮೇಲೆ ಅನುಮಾನಪಡುತ್ತ ಕೂತಿದ್ದೆ.

ಸಾಫ್ಟ್‌ವೇರ್ ತಾನಾಗಿ ಊಹಿಸುವ ಟೆಂಪೊ ಅನೇಕ ಸಲ ಸರಿಯಾಗಿಯೇ ಇರುತ್ತದೆ. ತಪ್ಪಿದಾಗ ಸಾಮಾನ್ಯವಾಗಿ ಅರ್ಧ ಅಥವಾ ಇಮ್ಮಡಿ ತೋರಿಸುತ್ತದೆ. ಮೇಲಿನ ಲೆಕ್ಕ ಕೈಯಲ್ಲಿದ್ದರೆ ಅದು ತಕ್ಷಣ ಗೊತ್ತಾಗುತ್ತದೆ. ಇನ್ನೊಂದು ಅಭ್ಯಾಸ ನನಗೆ ಬಹಳ ಉಪಯೋಗಕ್ಕೆ ಬಂತು: ಒಂದೇ ನುಡಿಸಾಣಿಕೆಯನ್ನು ಮೂರು ಸುತ್ತು ರೆಕಾರ್ಡ್ ಮಾಡಿ ನಡುವಿನದನ್ನು ಕತ್ತರಿಸಿಕೊಳ್ಳುವುದು. ಹಿಂದಿನ ಸುತ್ತಿನ ಕೊನೆಯ ಪೆಟ್ಟಿನ ಕಾರ್ವೆ (ಉಳಿದ ನಾದ) ಅದರ ಆರಂಭದಲ್ಲೇ ಇರುತ್ತದೆ, ಆದ್ದರಿಂದ ಲೂಪ್ ಮರಳಿ ಶುರುವಾಗುವ ಜಾಗ ಎದ್ದು ಕಾಣುವುದಿಲ್ಲ. ಲೂಪನ್ನು ಎಂಪಿ3ಯಲ್ಲಿ ಇಡಬೇಡಿ. ಎನ್‌ಕೋಡ್ ಮಾಡುವಾಗ ಮೊದಲಿಗೆ ತುಸು ನಿಶ್ಶಬ್ದ ಸೇರಿಕೊಳ್ಳುತ್ತದೆ, ಅಳತೆಯೆಲ್ಲ ತಪ್ಪುತ್ತದೆ. ವೇವ್ ಫೈಲ್ ಇರಲಿ.

ಈಗ ವೇಗ ಬದಲಿಸುವ ವಿಧಾನ. ಟೇಪನ್ನು ಜೋರಾಗಿ ಓಡಿಸಿದ ಹಾಗೆ, ವೇಗ ಹೆಚ್ಚಿದರೆ ಶ್ರುತಿಯೂ ಏರುತ್ತದೆ. ಸಂಗೀತ ಕಟ್ಟುವ ಸಾಫ್ಟ್‌ವೇರ್‌ಗಳ ಪೈಕಿ ಏಬಲ್ಟನ್ ಲೈವ್‌ನಲ್ಲಿ ಇದರ ಹೆಸರು ರೀ-ಪಿಚ್, ಲಾಜಿಕ್ ಪ್ರೊದ ಫ್ಲೆಕ್ಸ್ ಟೈಮ್‌ನಲ್ಲಿ ಸ್ಪೀಡ್. ವೇಗ ಶೇ 1ರಷ್ಟು ಬದಲಾದರೆ ಶ್ರುತಿ ಸುಮಾರು 17 ಸೆಂಟ್ ಸರಿಯುತ್ತದೆ, 100 ಸೆಂಟ್ ಸೇರಿದರೆ ಒಂದು ಸೆಮಿಟೋನ್, ಅಂದರೆ ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವಿನ ಅಂತರ. ನನ್ನ ಗಿಟಾರ್ 108ರಿಂದ 100ಕ್ಕೆ ಇಳಿದಾಗ ಒಂದೂ ಕಾಲು ಸೆಮಿಟೋನಿಗಿಂತ ಕೆಳಗೆ ಜಾರಿ, ಹಾಡಿನ ಯಾವ ಸ್ವರಕ್ಕೂ ಸೇರದೆ ನಿಂತಿತು. ಅಲ್ಲಿಗೆ ಗಿಟಾರಿಗೂ ಗುನುಗಿಗೂ ಈ ದಾರಿ ಮುಚ್ಚಿತು. ಜೆಂಬೆಯ ಕಥೆ ಬೇರೆ. 1.4 ಸೆಮಿಟೋನ್ ಏರಿದ ಮೇಲೆ ಚರ್ಮವನ್ನು ಇನ್ನಷ್ಟು ಬಿಗಿದಂತೆ ಕೇಳಿಸಿತು, ಪೆಟ್ಟಿನ ಮೊನೆ ಒಂದಿಷ್ಟೂ ಮಂಕಾಗಲಿಲ್ಲ. ತಾಳವಾದ್ಯಕ್ಕೆ ಇದನ್ನು ಹಳೆಯದೆಂದು ಬದಿಗಿಡುವವರು ಒಮ್ಮೆ ಕೇಳಿ ನೋಡಬೇಕು.

ತುಂಡರಿಸುವ ವಿಧಾನವನ್ನು ಜನಪ್ರಿಯಗೊಳಿಸಿದ್ದು 1994ರಲ್ಲಿ ಬಂದ, ಪ್ರೊಪೆಲ್ಲರ್‌ಹೆಡ್‌ನವರ ರೀಸೈಕಲ್ ಎಂಬ ಸಾಫ್ಟ್‌ವೇರ್. ಪ್ರತಿ ಪೆಟ್ಟಿನ ಆರಂಭದಲ್ಲಿ ಲೂಪನ್ನು ಕತ್ತರಿಸಿ, ತುಂಡುಗಳ ನಡುವಿನ ಅಂತರ ಮಾತ್ರ ಬದಲಿಸುತ್ತಾರೆ. ತುಂಡಿನೊಳಗಿನ ನಾದವನ್ನು ಮುಟ್ಟುವುದಿಲ್ಲ. ಲೈವ್‌ನ ಬೀಟ್ಸ್ ಮೋಡ್, ಲಾಜಿಕ್‌ನ ಸ್ಲೈಸಿಂಗ್ ಮೋಡ್ ಇದೇ ಜಾತಿಯವು. ಲೂಪನ್ನು ವೇಗ ಮಾಡುವಾಗ ತುಂಡುಗಳ ಬಾಲ ಸ್ವಲ್ಪ ಮೊಟಕಾಗುತ್ತದೆ ಅಷ್ಟೇ. ನಿಧಾನ ಮಾಡುವಾಗ ನಡುವೆ ಖಾಲಿ ಜಾಗ ಬೀಳುತ್ತದೆ, ಅದನ್ನು ತುಂಬಲು ಬಾಲವನ್ನೇ ಮರಳಿ ನುಡಿಸಬೇಕಾಗುತ್ತದೆ. 92ರಿಂದ 100ಕ್ಕೆ ಏರುತ್ತಿದ್ದ ಜೆಂಬೆಗೆ ಇದು ಹೇಳಿ ಮಾಡಿಸಿದಂತಿತ್ತು. ಗಿಟಾರಿಗೆ ಆಗಲಿಲ್ಲ. ಒಂದು ತಂತಿಯ ನಾದ ಮುಂದಿನ ತಂತಿಯ ಮೀಟಿನ ಮೇಲೂ ಹರಿಯುತ್ತಿರುತ್ತದೆ, ಕತ್ತರಿ ಬಿದ್ದಲ್ಲೆಲ್ಲ ಆ ಹರಿವು ತುಂಡಾಯಿತು.

ಜೆಂಬೆಯಲ್ಲಿ ನಾನು ಕಲಿತ ದೊಡ್ಡ ವಿಷಯ ಗುರುತುಗಳದ್ದು. ಲೈವ್‌ನಲ್ಲಿ ವಾರ್ಪ್ ಮಾರ್ಕರ್, ಅಂಥದೇ ಸಾಫ್ಟ್‌ವೇರ್ ರೀಪರ್‌ನಲ್ಲಿ ಸ್ಟ್ರೆಚ್ ಮಾರ್ಕರ್, ಲಾಜಿಕ್‌ನಲ್ಲಿ ಫ್ಲೆಕ್ಸ್ ಮಾರ್ಕರ್. ಹೆಸರು ಬೇರೆ, ಕೆಲಸ ಒಂದೇ: ರೆಕಾರ್ಡಿಂಗಿನ ಈ ಬಿಂದು ಹಾಡಿನ ಆ ಬಿಂದುವಿಗೆ ಬರಲಿ ಎಂದು ಮೊಳೆ ಹೊಡೆಯುವುದು. ಮೊದಲು ಪ್ರತಿ ಪೆಟ್ಟಿಗೂ ಗುರುತು ಹಾಕಿ ಗ್ರಿಡ್‌ಗೆ, ಅಂದರೆ ಹಾಡಿನ ಬೀಟ್‌ಗಳ ಗೆರೆಗಳಿಗೆ ಎಳೆದೆ. ಒಂದು ಮಿಲಿಸೆಕೆಂಡೂ ಆಚೀಚೆ ಇಲ್ಲ. ಕೇಳಿದರೆ ನನ್ನ ಕೈಯೇ ಅಲ್ಲ, ಯಂತ್ರ. ಮೂಲದ ಅಲೆಗಳನ್ನು ಪರದೆಯ ಮೇಲೆ ದೊಡ್ಡದಾಗಿಸಿ ನೋಡಿದೆ. ನಾಲ್ಕೂ ಬಾರ್‌ಗಳಲ್ಲಿ ಮೂರನೇ ಬೀಟಿನ ಪೆಟ್ಟು 15ರಿಂದ 20 ಮಿಲಿಸೆಕೆಂಡ್ ತಡವಾಗಿ ಬೀಳುತ್ತಿತ್ತು. ತಪ್ಪಾಗಿದ್ದರೆ ಒಮ್ಮೆ ತಡ, ಒಮ್ಮೆ ಬೇಗ ಇರುತ್ತಿತ್ತು. ಪ್ರತಿಸಲ ಅಷ್ಟೇ ತಡ ಅಂದರೆ ಅದು ಆ ನುಡಿಸಾಣಿಕೆಯ ನಡೆ. ನಿಜವಾದ ತಪ್ಪು ಬೇರೆ ಕಡೆ ಇತ್ತು: ಎರಡನೇ ಬಾರ್ 2.57 ಸೆಕೆಂಡಿಗೆ ಮುಗಿದಿತ್ತು, ನಾಲ್ಕನೆಯದು 2.64ರವರೆಗೆ ಎಳೆದಿತ್ತು. ಹಾಗಾಗಿ ಎಲ್ಲ ಗುರುತು ಅಳಿಸಿ, ಪ್ರತಿ ಬಾರ್‌ನ ಮೊದಲ ಬೀಟಿಗೊಂದು, ಕೊನೆಯ ತುದಿಗೊಂದು, ಒಟ್ಟು ಐದನ್ನು ಮಾತ್ರ ಉಳಿಸಿದೆ. ಬಾರ್‌ಗಳು ಸರಿಹೋದವು, ಅವುಗಳೊಳಗಿನ ತೂಗಾಟ ಹಾಗೇ ಉಳಿಯಿತು. ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂಬ ಪ್ರಶ್ನೆಗಿಂತ ಈ ಐದು ಗುರುತುಗಳು ನನ್ನ ಹಾಡಿಗೆ ಹೆಚ್ಚು ಕೊಟ್ಟವು.

ಮೂರನೆಯದು ಶ್ರುತಿ ಕೆಡದಂತೆ ಉದ್ದ ಬದಲಿಸುವುದು. ಇದರ ಒಂದು ಮೂಲ ಫೇಸ್ ವೊಕೋಡರ್. 1966ರಲ್ಲಿ ಬೆಲ್ ಲ್ಯಾಬ್ಸ್‌ನ ಫ್ಲಾನಗನ್ ಮತ್ತು ಗೋಲ್ಡನ್ ಅದನ್ನು ವಿವರಿಸಿದ್ದು ಮಾತಿನ ಧ್ವನಿಗಾಗಿ. ಧ್ವನಿಯನ್ನು ಒಂದರ ಮೇಲೊಂದು ಹಾಯುವ ಸಣ್ಣ ಕಿಟಕಿಗಳಾಗಿ ತೆಗೆದುಕೊಂಡು, ಪ್ರತಿ ಕಿಟಕಿಯ ಕಂಪನಾಂಕಗಳನ್ನು ಬಿಡಿಸಿ, ಹೊಸ ಅಂತರದಲ್ಲಿ ಮತ್ತೆ ಕಟ್ಟುತ್ತದೆ. ಮುಂದುವರಿಯುತ್ತಿರುವ ನಾದಕ್ಕೆ ಇದು ಹಿತ. ಆದರೆ ಫಟ್ ಎನ್ನುವ ಪೆಟ್ಟು ಕಿಟಕಿಯ ತುಂಬ ಹರಡಿಕೊಳ್ಳುತ್ತದೆ. ಹೊಸ ವಿಧಾನಗಳು ಪೆಟ್ಟನ್ನು ಗುರುತಿಸಿ ಕಾಯಲು ಯತ್ನಿಸುತ್ತವೆ. ಆದರೂ ಜೆಂಬೆಯ ಬಿರುಸು ಹೊದಿಕೆ ಹೊದ್ದಂತಾಯಿತು, ತುಂಡರಿಸಿದ್ದರ ಪಕ್ಕ ಇಟ್ಟಾಗ ಅನುಮಾನವೇ ಉಳಿಯಲಿಲ್ಲ. ಗಿಟಾರಿಗೆ ಮಾತ್ರ ಇದೇ ಸರಿ. ರೀಪರ್‌ನಲ್ಲಿ ಪ್ರತಿ ತುಣುಕಿಗೂ ಬೇರೆ ಬೇರೆ ವಿಧಾನ ಆರಿಸಬಹುದಾದ್ದರಿಂದ ಒಂದೇ ಲೂಪನ್ನು ಹಲವು ಟ್ರ್ಯಾಕ್‌ಗಳಲ್ಲಿಟ್ಟು ಒಂದಾದ ಮೇಲೊಂದು ಕೇಳಿದೆ. ಆ ವಿಧಾನಗಳಲ್ಲಿ ಎಲಾಸ್ಟಿಕ್ ಪ್ರೊ ನನಗೆ ಎಲ್ಲಕ್ಕಿಂತ ಹಿಡಿಸಿತು. ಲೈವ್‌ನ ಕಾಂಪ್ಲೆಕ್ಸ್ ಪ್ರೊ, ಲಾಜಿಕ್‌ನ ಪಾಲಿಫೋನಿಕ್ ಇದೇ ಕೆಲಸಕ್ಕೆ ಇರುವವು. ಉಚಿತವಾಗಿ ಸಿಗುವ ಆಡಾಸಿಟಿಯಲ್ಲೂ 2023ರ 3.4ನೇ ಆವೃತ್ತಿಯಿಂದ ಕ್ಲಿಪ್ಪಿನ ಅಂಚು ಎಳೆದು ಉದ್ದ ಬದಲಿಸಬಹುದು, ಒಂದೆರಡು ಲೂಪಿನ ಕೆಲಸಕ್ಕೆ ಅಷ್ಟು ಸಾಕು. ಯಾವುದನ್ನೇ ಬಳಸಿದರೂ ಪ್ರತಿಸಲ ಮೂಲ ಫೈಲಿನಿಂದಲೇ ಶುರುಮಾಡಿ. ಹಿಗ್ಗಿಸಿ ಉಳಿಸಿದ್ದನ್ನು ಮತ್ತೆ ಹಿಗ್ಗಿಸಿದರೆ ಕೆಡುಕು ಕೂಡುತ್ತಲೇ ಹೋಗುತ್ತದೆ.

ಗುನುಗಿಗೆ ಲಾಜಿಕ್‌ನ ಮೊನೊಫೋನಿಕ್ ಮೋಡ್ ಚೆನ್ನಾಗಿ ಹೊಂದಿತು, ಅದು ಇರುವುದೇ ಒಂಟಿ ಸ್ವರದ ಧ್ವನಿಗೆ. ಶ್ರುತಿ ಸರಿ, ಲಯ ಸರಿ. ಆದರೂ ಏನೋ ಆತುರ. ಅರ್ಥವಾಗಲು ಸಮಯ ಹಿಡಿಯಿತು. ಕಾಲವನ್ನು ಕುಗ್ಗಿಸಿದಾಗ ಕಂಠದ ನಡುಕವೂ ಕುಗ್ಗುತ್ತದೆ. ಸೆಕೆಂಡಿಗೆ ಐದೂವರೆ ಸಲ ತೂಗುತ್ತಿದ್ದ ಸ್ವರ ಆರರ ಹತ್ತಿರ ತೂಗುತ್ತಿತ್ತು. ನೆಮ್ಮದಿಯ ಸಾಲು ಕಳವಳದ ಸಾಲಿನಂತೆ ಕೇಳಿಸಿತು.

ಅದಕ್ಕೇ ನಾಲ್ಕನೇ ದಾರಿಗೆ ಬಂದೆ: ಹಾಡನ್ನು 96ಕ್ಕೆ ಇಳಿಸಿದೆ. ಜೆಂಬೆ, ಗುನುಗು ಎರಡಕ್ಕೂ ಶೇ 4ರಷ್ಟೇ ಬದಲಾವಣೆ, ಕೇಳಲು ಹಾಯೆನಿಸಿತು. ಆದರೆ ಗಿಟಾರ್ ಶೇ 12.5ರಷ್ಟು ಹಿಗ್ಗಬೇಕಾಯಿತು (100ರಲ್ಲಿ ಅದು ಶೇ 8 ಮಾತ್ರ), ತಂತಿಗಳ ಉದ್ದನೆಯ ನಾದ ನೀರಿನೊಳಗಿನಿಂದ ಬಂದಂತೆ ಅಲುಗಾಡಿತು. ಎಲ್ಲ ಲೂಪ್‌ಗಳೂ ಹಾಡಿನ ಟೆಂಪೊದ ಒಂದೇ ಪಕ್ಕದಲ್ಲಿದ್ದಿದ್ದರೆ ಈ ದಾರಿಯನ್ನೇ ಮೊದಲು ಹಿಡಿಯುತ್ತಿದ್ದೆ.

ಹಾಡು ಮತ್ತೆ 100ಕ್ಕೆ ಮರಳಿದೆ. ಜೆಂಬೆ ತುಂಡರಿಸಿದ್ದು, ಐದು ಗುರುತುಗಳೊಂದಿಗೆ. ಗಿಟಾರ್ ಎಲಾಸ್ಟಿಕ್ ಪ್ರೊದಲ್ಲಿ. ಗುನುಗಿನ ಸಾಲನ್ನು ಮಾತ್ರ, ಆ ಜೆಂಬೆಯನ್ನು ಹೆಡ್‌ಫೋನಿನಲ್ಲಿ ಕೇಳುತ್ತ, ಹೊಸದಾಗಿ ಹಾಡಿ ರೆಕಾರ್ಡ್ ಮಾಡಿದೆ. ಮೂರನೇ ಬೀಟಿನಲ್ಲಿ ನನ್ನ ಗಂಟಲೂ ತಾನಾಗಿ ಒಂದು ಚೂರು ತಡೆದು ಇಳಿಯಿತು.