ಚಿತ್ರಕಲೆಯ ಸ್ನಾತಕೋತ್ತರ ಓದಿಗೆ ಶಾಂತಿನಿಕೇತನದ ಕಲಾಭವನ

ಬಿ.ವಿ.ಎ. (ದೃಶ್ಯಕಲೆಯ ಪದವಿ) ಮುಗಿಸಿದವರು ಮುಂದೆ ಎಲ್ಲಿ ಓದಬೇಕೆಂದು ಕೇಳಿದಾಗಲೆಲ್ಲ ನಾನು ಬರೋಡದ ಕಲಾಶಾಲೆಯ ಹೆಸರಿನ ಜೊತೆಗೆ, ಅದಕ್ಕಿಂತ ತುಸು ಒತ್ತಿ, ಪಶ್ಚಿಮ ಬಂಗಾಳದ ಶಾಂತಿನಿಕೇತನದಲ್ಲಿರುವ ಕಲಾಭವನದ ಹೆಸರನ್ನು ಹೇಳುತ್ತೇನೆ. 1919ರಲ್ಲಿ ರವೀಂದ್ರನಾಥ ಠಾಕೂರರು ಸ್ಥಾಪಿಸಿ, ಚಿತ್ರಕಾರ ನಂದಲಾಲ್ ಬೋಸರು ಬೆಳೆಸಿದ ಈ ಸಂಸ್ಥೆ ಇಂದು ವಿಶ್ವಭಾರತಿ ಕೇಂದ್ರೀಯ ವಿಶ್ವವಿದ್ಯಾಲಯದ ಭಾಗವಾಗಿದ್ದು, ಚಿತ್ರಕಲೆಯಲ್ಲಿ ಎರಡು ವರ್ಷಗಳ ಎಂ.ಎಫ್.ಎ. (ಲಲಿತಕಲೆಯ ಸ್ನಾತಕೋತ್ತರ ಪದವಿ) ನಡೆಸುತ್ತದೆ. ಚಿತ್ರ ಬರೆಯುವುದನ್ನೇ ವೃತ್ತಿಯಾಗಿಸಿಕೊಳ್ಳಲು ಹೊರಟವರಿಗೆ ಈ ಓದು ಏನು ಕೊಡುತ್ತದೆ, ಏನನ್ನು ಅವರ ಪಾಲಿಗೇ ಬಿಡುತ್ತದೆ ಎಂಬುದು ನನ್ನ ವಿಷಯ.

ಕಲಾಭವನದ ದೊಡ್ಡ ಆಸ್ತಿ ಅಲ್ಲಿನ ಗೋಡೆಗಳು. ವಿಶ್ವಭಾರತಿಯ ಹಿಂದಿ ವಿಭಾಗದ ಕಟ್ಟಡವಾದ ಹಿಂದಿ ಭವನದ ಮೂರು ಗೋಡೆಗಳ ಮೇಲೆ ಬಿನೋದ್ ಬಿಹಾರಿ ಮುಖರ್ಜಿಯವರು 1946–47ರಲ್ಲಿ ಬರೆದ ಮಧ್ಯಯುಗದ ಸಂತರ ಭಿತ್ತಿಚಿತ್ರವೊಂದನ್ನೇ ಸಾವಕಾಶವಾಗಿ ಓದಿಕೊಂಡರೂ ಸ್ನಾತಕೋತ್ತರ ಪಾಠದ ಅರ್ಧಭಾಗ ದಕ್ಕುತ್ತದೆ. ರಾಮಾನುಜ, ಕಬೀರ, ಸೂರದಾಸ, ತುಳಸೀದಾಸ, ಗುರು ಗೋವಿಂದ ಸಿಂಗ್ ಮೊದಲಾದವರು ಜನಸಂದಣಿಯ ನಡುವೆ ಎತ್ತರವಾಗಿ ನಿಂತು, ಇಡೀ ಗೋಡೆಯೇ ನದಿಯಂತೆ ಮುಂದಕ್ಕೆ ಹರಿಯುತ್ತದೆ. ಮೇಲುಕೋಟೆಯನ್ನು ಬಲ್ಲ ನಮಗೆ ಆ ಸಾಲಿನಲ್ಲಿ ರಾಮಾನುಜರನ್ನು ಕಂಡಾಗ ಬೇರೆಯೇ ಆಪ್ತತೆ ಹುಟ್ಟುತ್ತದೆ. ಇದು ಹಸಿ ಸುಣ್ಣದ ಗಾರೆಯ ಮೇಲೆ ಮಾಡಿದ ಕೆಲಸ. ನೀರಿನಲ್ಲಿ ಕಲಸಿದ ಬಣ್ಣವನ್ನು ಗಾರೆ ಒಣಗುವ ಮುನ್ನವೇ ಹಚ್ಚಬೇಕು. ಸುಣ್ಣ ಗಾಳಿಯೊಡನೆ ಕೂಡಿ ಗಟ್ಟಿಯಾಗುವಾಗ ಬಣ್ಣದ ಕಣಗಳು ಅದರಲ್ಲೇ ಸೇರಿಹೋಗುವುದರಿಂದ ಆಮೇಲೆ ಅಳಿಸುವ, ತಿದ್ದುವ ಮಾತೇ ಇಲ್ಲ. ಆ ದಿನ ಎಷ್ಟು ಬರೆಯಲು ಸಾಧ್ಯವೋ ಅಷ್ಟೇ ಜಾಗಕ್ಕೆ ಅಂದು ಗಾರೆ ಬಳಿಯಬೇಕು. ಹುಟ್ಟಿನಿಂದ ಒಂದು ಕಣ್ಣು ಕಾಣದ, ಇನ್ನೊಂದರ ದೃಷ್ಟಿಯೂ ಮಂದವಾಗಿದ್ದ ಕಲಾವಿದರೊಬ್ಬರು ಗೋಡೆಯಳತೆಯ ಪೂರ್ವಚಿತ್ರವಿಲ್ಲದೆ ನೇರವಾಗಿ ಇದನ್ನು ಬರೆದರೆಂದು ತಿಳಿದ ಮೇಲೆ, ಕ್ಯಾನ್ವಾಸಿನ ಮುಂದೆ ನಾವು ಮಾಡುವ ಯೋಜನೆಯ ಸ್ವರೂಪವೇ ಬದಲಾಗುತ್ತದೆ. ಪದವಿ ಹಂತದಲ್ಲಿ ಕೈ ಪಳಗಿರುತ್ತದೆ. ಆದರೆ ಇಷ್ಟು ವಿಸ್ತಾರವಾದ ಜಾಗವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಇಂಥ ಕೃತಿಗಳ ಎದುರು ದಿನವೂ ಓಡಾಡಿದಾಗ ಮಾತ್ರ ಬರುತ್ತದೆಂದು ನಾನು ನಂಬಿದ್ದೇನೆ. ಮುದ್ರಿತ ಪುಸ್ತಕದ ಪುಟ ಅದನ್ನು ಕೊಡಲಾರದು.

ರಾಮಕಿಂಕರ್ ಬೈಜ್ ಅವರ 1938ರ 'ಸಂತಾಲ ಕುಟುಂಬ' ಶಿಲ್ಪ ಅಲ್ಲೇ ಬಯಲಿನಲ್ಲಿದೆ, ಕೆ.ಜಿ. ಸುಬ್ರಮಣ್ಯನ್ ಅವರ ಕಪ್ಪು–ಬಿಳುಪಿನ ಭಿತ್ತಿಚಿತ್ರವೂ ಇದೆ. ಕರ್ನಾಟಕಕ್ಕೂ ಈ ಪರಂಪರೆಗೂ ಇರುವ ನಂಟು ಹಳೆಯದು. ನಮ್ಮ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿಯುವಾಗ ನಂದಲಾಲ್ ಬೋಸರೂ ಅದೇ ಗುರುವಿನ ಶಿಷ್ಯರಾಗಿದ್ದರು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರು ಬೆಂಗಳೂರಿನ ಕೆನ್ ಕಲಾಶಾಲೆಯಿಂದ ಶಾಂತಿನಿಕೇತನಕ್ಕೆ, ಅಲ್ಲಿಂದ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗೆ ಹೋದವರು. ಅಲ್ಲೆಲ್ಲ ಚಿತ್ರಕಲೆಯನ್ನು ಕಲಿತು, ಮುಂದೆ ಸಗಣಿ, ಕುಂಕುಮ, ದಾರ, ಕೂದಲುಗಳಲ್ಲಿ ಕೃತಿ ರಚಿಸಿ ವಿಶ್ವಮನ್ನಣೆ ಪಡೆದರು. ಚಿತ್ರಕಲೆಯ ಉನ್ನತ ವ್ಯಾಸಂಗ ಎಣ್ಣೆಬಣ್ಣಕ್ಕೇ ನಮ್ಮನ್ನು ಕಟ್ಟಿಹಾಕಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಇನ್ನು ವೃತ್ತಿಯ ಸಿದ್ಧತೆ. ನಂದಲಾಲರ ಜನ್ಮದಿನದ ಸಂದರ್ಭದಲ್ಲಿ ಡಿಸೆಂಬರ್ ಮೊದಲ ದಿನಗಳಂದು ನಡೆಯುವ ನಂದನ್ ಮೇಳದಲ್ಲಿ ವಿದ್ಯಾರ್ಥಿಗಳೂ ಅಧ್ಯಾಪಕರೂ ತಾವು ಮಾಡಿದ ಚಿತ್ರ, ಮುದ್ರಣ, ಮಡಕೆಗಳನ್ನು ಮಾರುತ್ತಾರೆ, ಹಣ ವಿದ್ಯಾರ್ಥಿಗಳ ನೆರವಿಗೆ ಸಲ್ಲುತ್ತದೆ. ತನ್ನ ಕೃತಿಗೆ ತಾನೇ ಬೆಲೆ ಕಟ್ಟಿ, ಕೊಳ್ಳುವವರ ಮುಖ ನೋಡಿ ಮಾತನಾಡುವ ಈ ಅಭ್ಯಾಸ, ಬೆಂಗಳೂರಿನ ಚಿತ್ರಸಂತೆಯಲ್ಲಿ ಮಳಿಗೆ ಹಾಕುವವರಿಗೆ ಎಷ್ಟು ಮುಖ್ಯವೆಂದು ಬಲ್ಲವರಿಗೆ ಗೊತ್ತು. ಆದರೆ ಗ್ಯಾಲರಿಯೊಡನೆ ಒಪ್ಪಂದ, ಕಮಿಷನ್ನಿನ ಲೆಕ್ಕ, ಹಕ್ಕುಸ್ವಾಮ್ಯ, ತೆರಿಗೆ, ರೆಸಿಡೆನ್ಸಿಗೆ (ಒಂದೆಡೆ ಕೆಲಕಾಲ ತಂಗಿ ಕೃತಿ ರಚಿಸುವ ಅವಕಾಶಕ್ಕೆ) ಅರ್ಜಿ ಬರೆಯುವ ಕ್ರಮ ಇವುಗಳಿಗೆ ನಮ್ಮ ದೇಶದ ಕಲಾಶಿಕ್ಷಣದಲ್ಲಿ ಒಟ್ಟಾರೆಯಾಗಿ ಇನ್ನೂ ತಕ್ಕ ಜಾಗ ಸಿಕ್ಕಿಲ್ಲ. ಯಾವ ಸಂಸ್ಥೆಗೆ ಸೇರಿದರೂ ಇವನ್ನು ಹಿರಿಯ ಕಲಾವಿದರನ್ನು ಕೇಳಿ ಬೇರೆಯಾಗಿಯೇ ಕಲಿಯಬೇಕು, ಅದೂ ಮೊದಲ ವರ್ಷದಿಂದಲೇ.

ಅನಿಮೇಷನ್ ಅಥವಾ ಜಾಹೀರಾತು ಕ್ಷೇತ್ರದ ಕೆಲಸಕ್ಕೆ ಬೇಗ ಸೇರಬೇಕೆನ್ನುವವರಿಗೆ ನಾನು ಇದನ್ನು ಸೂಚಿಸುವುದಿಲ್ಲ. ಸ್ವಂತ ಸ್ಟುಡಿಯೋ ಕಟ್ಟಿಕೊಂಡು ಬಹುಕಾಲ ದುಡಿಯುವ ಮನಸ್ಸಿದ್ದವರು, ಭಿತ್ತಿಚಿತ್ರದಲ್ಲಿ ಆಸಕ್ತಿಯುಳ್ಳವರು ಕಣ್ಣುಮುಚ್ಚಿ ಹೋಗಬಹುದು. ಕೇಂದ್ರೀಯ ವಿಶ್ವವಿದ್ಯಾಲಯವಾದ್ದರಿಂದ ಖಾಸಗಿ ಕಾಲೇಜುಗಳಿಗೆ ಹೋಲಿಸಿದರೆ ಶುಲ್ಕ ಕಡಿಮೆ. ಬೇಸಿಗೆಯ ಬಿಸಿಲು ಮಾತ್ರ ಕಠಿಣ, ಬಂಗಾಳಿಯನ್ನು ಸ್ವಲ್ಪವಾದರೂ ಕಲಿತರೆ ಊರು ಹತ್ತಿರವಾಗುತ್ತದೆ. ಕಲ್ಕತ್ತೆಯ ಪಕ್ಕದ ಹೌರಾದಿಂದ ಶಾಂತಿನಿಕೇತನದ ನಿಲ್ದಾಣವಾದ ಬೋಲ್ಪುರಕ್ಕೆ ರೈಲಿದೆ. ಅರ್ಜಿ ಹಾಕುವ ಮುಂಚೆ ಒಮ್ಮೆ ನಂದನ್ ಮೇಳದ ಹೊತ್ತಿಗೆ ಹೋಗಿ, ಅಲ್ಲಿನ ವಿದ್ಯಾರ್ಥಿಗಳ ಕೆಲಸವನ್ನು ನೋಡಿ, ಹಿಂದಿ ಭವನದ ಗೋಡೆಗಳ ಎದುರು ಸಾಕಷ್ಟು ಹೊತ್ತು ಕಳೆದು ಬನ್ನಿ.