ಮಡಚುವ ಗಾಳದ ಕೋಲು: ಮಕ್ಕಳನ್ನು ಬೆಟ್ಟದ ಕೆರೆಗೆ ಕರೆದುಕೊಂಡು ಹೋಗುವವರಿಗೆ

ಸಿಯಾಟಲ್ ಕಡೆಯ ನಮ್ಮ ಕನ್ನಡ ಸಂಘದ ಹುಡುಗ ಹುಡುಗಿಯರನ್ನು ಬೆಟ್ಟ ಹತ್ತಿಸಿ ಗಾಳ ಹಾಕಿಸೋಣ ಅಂತ ಮಾತಾಯಿತು. ಸಾಮಾನು ತರುವ ಕೆಲಸ ನನ್ನ ತಲೆಗೆ ಬಂತು. ಕುಂದಾಪುರದವನು, ಮೀನಿನ ವಿಷಯ ಇವನಿಗೇ ಗೊತ್ತು ಅನ್ನುವ ಲೆಕ್ಕ. ಆನ್‌ಲೈನ್‌ನಲ್ಲಿ ಟೆಲಿಸ್ಕೋಪಿಕ್ ರಾಡ್ ಸೆಟ್ ತರಿಸಿದೆ, ಅಂದರೆ ಕೊಳವೆಗಳು ಒಂದರೊಳಗೊಂದು ಸೇರಿ ಚಿಕ್ಕದಾಗುವ ಗಾಳದ ಕೋಲು. ಕೋಲು, ರೀಲ್, ನೂಲು, ಒಂದು ಡಬ್ಬಿ ಬಣ್ಣದ ಪ್ಲಾಸ್ಟಿಕ್ ಹುಳ, ಎಲ್ಲ ಒಂದೇ ಚೀಲದಲ್ಲಿ. ಒಂದಕ್ಕೆ 30 ಡಾಲರ್ ಆಸುಪಾಸು.

ಕೋಲು ಚೆನ್ನಾಗಿದೆ. ಮಡಚಿದರೆ ಒಂದೂವರೆ ಅಡಿ, ಸ್ಕೂಲ್ ಬ್ಯಾಗಿನಲ್ಲೇ ಹಿಡಿಸುತ್ತದೆ. ಆದರೆ ಬಿಚ್ಚುವುದನ್ನು ಮನೆಯಲ್ಲೇ ಹೇಳಿಕೊಡಿ. ಮೊದಲು ತುದಿಯ ಸಣ್ಣ ಕೊಳವೆ, ಆಮೇಲೆ ಅದರ ಹಿಂದಿನದು. ನೂಲು ಹಾಯುವ ಉಂಗುರಗಳು ಒಂದೇ ಸಾಲಿಗೆ ಬಂದಿವೆಯಾ ಅಂತ ಪ್ರತಿ ಸಲ ನೋಡಬೇಕು. ಸಂದಿಗೆ ಮರಳು ಹೊಕ್ಕಿತೋ, ಮುಗೀತು. ನಮ್ಮದೊಂದು ಹಾಗೇ ಸಿಕ್ಕಿಕೊಂಡು, ಹುಡುಗಿಯೊಬ್ಬಳು ಇಳಿಯುವ ದಾರಿಯುದ್ದಕ್ಕೂ ಆರಡಿ ಕೋಲನ್ನು ಮೆರವಣಿಗೆಯ ಬಾವುಟದ ಹಾಗೆ ಹಿಡಿದುಕೊಂಡು ಬಂದಳು.

ಜೊತೆಗೆ ಬರುವ ನೂಲು ದಂಡ. ದಪ್ಪ, ಸುರುಳಿ ಸುತ್ತಿಕೊಂಡೇ ಬಿಚ್ಚುತ್ತದೆ. ಕಿತ್ತು ಬಿಸಾಕಿ 6 ಪೌಂಡ್ ಭಾರ ತಡೆಯುವ ತೆಳು ನೂಲು ಸುತ್ತಿದೆ. ಪ್ಲಾಸ್ಟಿಕ್ ಹುಳಗಳನ್ನು ಕೆರೆಯ ಟ್ರೌಟ್ ಮೀನು ತಿರುಗಿಯೂ ನೋಡಲಿಲ್ಲ.

ನಿಜವಾಗಿ ಕೆಲಸ ಮಾಡಿದ್ದು ಬೇರೆಯಾಗಿ ತಂದ ಕ್ಯಾಸ್ಟಿಂಗ್ ಬಬಲ್. ಗಾಜಿನಂಥ ಪ್ಲಾಸ್ಟಿಕ್ ಬೆಂಡು, ಒಳಗೆ ನೀರು ತುಂಬಬಹುದು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿದರೆ ತೂಕ ಬಂದು ದೂರ ಹೋಗಿ ಬೀಳುತ್ತದೆ. ಅದರ ಹಿಂದೆ ನಾಲ್ಕಡಿ ಸಣ್ಣ ನೂಲು, ತುದಿಗೆ ಗರಿ ಕಟ್ಟಿದ ಹುಸಿ ನೊಣ. ನಿಧಾನಕ್ಕೆ ಸುತ್ತುತ್ತಾ ಬಂದರೆ ಸಾಕು. ಬೆಟ್ಟದ ಕೆರೆಯ ಮೀನಿಗೆ ನೀರಿನ ಮೇಲೆ ಬೀಳುವ ಹುಳವೇ ದೊಡ್ಡ ಊಟ ಅಲ್ವಾ? ಗಾಳ ಮುಟ್ಟಿಯೇ ಇರದ ಹುಡುಗನ ನೂಲೂ ಜಗ್ಗಿತು.

ಜಾಗಕ್ಕೆ ಟಲಪಸ್ ಕೆರೆ ಆರಿಸಿಕೊಳ್ಳಿ. ಐ-90 ಹೆದ್ದಾರಿಯ 45ನೇ ಎಗ್ಸಿಟ್, ನಡಿಗೆ ಸುಮಾರು 2 ಮೈಲಿ, ಉತ್ಸಾಹ ಉಳಿದವರಿಗೆ ಮೇಲೆ ಒಲಾಲಿ ಕೆರೆ ಇದೆ. ಈ ಕೆರೆಗಳಿರುವುದು ಆಲ್ಪೈನ್ ಲೇಕ್ಸ್ ವಿಲ್ಡರ್ನೆಸ್ ಅನ್ನುವ ಸಂರಕ್ಷಿತ ಕಾಡಿನಲ್ಲಿ, ಅದರೊಳಗೆ ಒಂದು ಗುಂಪಿನಲ್ಲಿ 12 ಜನಕ್ಕಿಂತ ಹೆಚ್ಚು ಹೋಗುವಂತಿಲ್ಲ, ದೊಡ್ಡವರೂ ಸೇರಿ. ಇದನ್ನು ಹೆಸರು ಬರೆದುಕೊಳ್ಳುವ ಮೊದಲೇ ಹೇಳಿಬಿಡಿ. 14ರವರೆಗಿನ ಮಕ್ಕಳಿಗೆ ಮೀನಿನ ಲೈಸೆನ್ಸ್ ಬೇಡ, 15 ತುಂಬಿದವರಿಗೆ ಬೇಕು. ಕಾರು ನಿಲ್ಲಿಸಲು ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್ ಬೇಕು, ದಿನಕ್ಕೆ 5 ಡಾಲರ್. ಜುಲೈನಲ್ಲಿ ಸೊಳ್ಳೆ ವಿಪರೀತ.

ನಮ್ಮಲ್ಲಿ ಅರ್ಧ ಮನೆಗಳು ಸಸ್ಯಾಹಾರಿ. "ಹಿಡಿದು ಏನು ಮಾಡ್ತೀರಿ?" ಅಂತ ಒಬ್ಬ ಆಂಟಿ ಜೋರಾಗಿಯೇ ಕೇಳಿದರು. ಹಿಡಿದದ್ದನ್ನೆಲ್ಲ ವಾಪಸ್ ಬಿಡುವುದೇ. ಅದಕ್ಕೇ ಮೀನಿನ ಬಾಯಿಂದ ಸುಲಭವಾಗಿ ಬಿಡಲಿ ಅಂತ ಕೊಕ್ಕೆಯ ಹಿಮ್ಮುಳ್ಳನ್ನೆಲ್ಲ ಇಕ್ಕಳದಲ್ಲಿ ಒತ್ತಿಬಿಟ್ಟೆ. ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಲ್ಲೇ ಇಟ್ಟು ಬಿಡಿಸಬೇಕು ಅಂತ ನಿಯಮ ಮಾಡಿದೆವು. ಅದೇ ಆಂಟಿ ಕಟ್ಟಿಕೊಟ್ಟ ಚಿತ್ರಾನ್ನ ಕೆರೆ ದಡದಲ್ಲಿ ಮೊದಲು ಖಾಲಿಯಾಯಿತು.

ಕೋಲಿಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ. ಮಗುವಿಗೊಂದು ಬೇಕಿಲ್ಲ, ಇಬ್ಬರಿಗೊಂದು ಸಾಕು. ಒಬ್ಬರು ಎಸೆಯುವಾಗ ಇನ್ನೊಬ್ಬರು ಹಿಂದೆ ಯಾರೂ ಇಲ್ಲ ಅಂತ ನೋಡುತ್ತಾರೆ. ಸಂಘದವರು ಮುಂದಿನ ಬೇಸಿಗೆಗೆ ಇನ್ನೆರಡು ಸೆಟ್ ತರಿಸೋಣ ಅನ್ನುತ್ತಿದ್ದಾರೆ. ಆ ದುಡ್ಡಿಗೆ ಬೆಂಡು, ಒಳ್ಳೆ ನೂಲು, ಸೊಳ್ಳೆಯ ಎಣ್ಣೆ ತರೋಣ ಅಂದಿದ್ದೇನೆ.